ಮೋನಮ್ಮನ ಮುಂಗೈ

ಸಿನಿಮಾದ ರಕ್ತಕ್ಕೂ ನೊಣ ಮುತ್ತುತ್ತವೆ ಎನ್ನುವುದು ದೇವಿಂದ್ರನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಣ್ಣ ಹಾಕಿದ ಸಕ್ಕರೆ ಪಾಕ ಅದು. ಬೆಳಿಗ್ಗೆ ಬಕೆಟ್ಟಿನಲ್ಲಿ ಕಲಸಿ, ಸತ್ತವರ ಪಾರ್ಟು ಮಾಡುವವರ ಎದೆಗೆ, ಹೊಟ್ಟೆಗೆ, ಹಣೆಗೆ ಸೌಟಿನಿಂದ ಸುರಿಯುತ್ತಿದ್ದರು. ಶಹಾಪುರದ ಗುಡ್ಡದ ಬಂಡೆ ಊಟದ ಹೊತ್ತಿಗೆಲ್ಲ ಕಾದ ಹಂಚಾಗುತ್ತಿತ್ತು. ಅದರ ಮೇಲೆ ರಾಮಸಮುದ್ರದಿಂದ, ಕಡೇಚೂರಿನಿಂದ ಟಂಟಂ ಆಟೋಗಳಲ್ಲಿ ತುಂಬಿಸಿಕೊಂಡು ಬಂದ ಕೂಲಿ ಜನ ಹೆಣವಾಗಿ ಮಲಗಬೇಕು. ನೊಣ ಮೂಗಿನೊಳಗೆ ಹೊಕ್ಕರೂ ಅಲುಗಬಾರದು. ಊಟಕ್ಕೆ ಬಿಟ್ಟಾಗ ತೊಳೆದುಕೊಳ್ಳುವ ಹಾಗೂ ಇಲ್ಲ. ತೊಳೆದರೆ ಮಧ್ಯಾಹ್ನದ ಕಲೆ ಬೆಳಗಿನ ಕಲೆಗೆ ಹೊಂದುವುದಿಲ್ಲವಂತೆ. ಹೀಗಾಗಿ ಹೆಣಗಳು ಸಾಲಾಗಿ ಕುಳಿತು ಒಂದು ಕೈಯಲ್ಲಿ ನೊಣ ಓಡಿಸುತ್ತ, ಇನ್ನೊಂದು ಕೈಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದವು. ಆಚೆ ಶಾಮಿಯಾನದ ಕೆಳಗೆ ಕುದುರೆಗಳಿಗೆ ಟ್ಯಾಂಕರ್ ನೀರು ಬಂದಿರುತ್ತಿತ್ತು. ಮೊದಲು ಕುದುರೆ ಕುಡಿಯಬೇಕು, ಆಮೇಲೆ ಜನ.

ಇದನ್ನೆಲ್ಲ ದಿನವೂ ನೋಡುತ್ತಿದ್ದರೂ ದೇವಿಂದ್ರ ಸುಮ್ಮನಿದ್ದ. ಸುಮ್ಮನಿರುವುದು ಅವನಿಗೆ ರೂಢಿಯಾಗಿ ಹೋಗಿತ್ತು. ಫೌಜಿಗೆ ಸಿಪಾಯಿಯಾಗಿ ಸೇರಿ ಹವಾಲ್ದಾರನಾಗಿ ಮನೆಗೆ ಬರುವ ತನಕ ಅವನ ಬಾಯಿಂದ ಅತಿ ಹೆಚ್ಚು ಸಲ ಹೊರಟ ಮಾತೆಂದರೆ ‘ಜೀ ಸಾಬ್’. ಅದನ್ನು ಅವನು ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ ಅದಕ್ಕಾಗಿಯೇ ಬಡ್ತಿ ಕೊಟ್ಟರು ಎಂದು ಜೊತೆಯವರು ಕಾಲೆಳೆಯುತ್ತಿದ್ದರು.

ಅವನನ್ನು ಇಲ್ಲಿಗೆ ತಂದವನು ಶಹಾಪುರದ ಬಸವಂತ್ರಾಯ. ಯಾರಿಗೆ ಎಷ್ಟು ಜನ ಬೇಕೋ ಅಷ್ಟು ಜನರನ್ನು ಒದಗಿಸುವುದು ಈ ಮಹಾಶಯನ ದಂಧೆ. ಚುನಾವಣೆ ಬಂದರೆ ಭಾಷಣ ಕೇಳುವ ಜನ, ಸುಗ್ಗಿ ಬಂದರೆ ಹತ್ತಿ ಬಿಡಿಸುವ ಜನ, ಸಿನಿಮಾದವರು ಬಂದರೆ ಸಾಯುವ ಜನ. ಉಳ್ಳವರ ಹುಡುಗರಿಗೆಲ್ಲ ಕೆಂಪು ಕೋಟು ತೊಡಿಸಿ, ಕೈಗೆ ಕಟ್ಟಿಗೆಯ ಬಂದೂಕು ಕೊಡಿಸಿ ಸಿಪಾಯಿಗಳನ್ನಾಗಿ ಮಾಡಿದ. ಕೇರಿಯವರನ್ನೂ ಕೂಲಿಯವರನ್ನೂ ಹೆಣ ಮಾಡಿದ. ಹೀಗೆ ಹಂಚಿದವರು ಯಾರು ಎಂದು ಕೇಳಿದರೆ ಯಾರೂ ಹಂಚಿರಲಿಲ್ಲ; ನೀರು ಇಳಿಜಾರಿಗೆ ಹರಿದ ಹಾಗೆ ತಾನೇ ಹಂಚಿಕೆಯಾಗಿತ್ತು. ಆ ಹುಡುಗರಿಗೆ ಕವಾಯತು ಕಲಿಸಲು ಒಬ್ಬ ಅಸಲಿ ಫೌಜಿ ಬೇಕಾಗಿದ್ದ. ಹಾಗೆ ದೇವಿಂದ್ರ ಬಂದ. ಬರುವಾಗ ತನ್ನೂರು ರಾಮಸಮುದ್ರದ ಒಂದು ಟಂಟಂ ಹೆಂಗಸರನ್ನೂ ಕರೆತಂದ. ಅವರಲ್ಲಿ ತೀರಿಹೋದ ಅವನ ತಮ್ಮ ಈಶಪ್ಪನ ಹೆಂಡತಿ ಮೋನಮ್ಮನೂ ಇದ್ದಳು.

ಇಷ್ಟು ಹೇಸಿಗೆಯ ನಡುವೆ ಅವನು ಉಳಿದುಕೊಂಡದ್ದು ಕತೆಗಾಗಿ. ಕಂಪನಿ ಸರಕಾರದ ಕಾಲದ ಕತೆ ಅದು. ದೇಶಿ ಪಲಟಣದ ಒಬ್ಬ ಸುಬೇದಾರ. ಬಂಡುಕೋರರಿಗೆ ಅನ್ನ ಹಾಕಿದ ಹಳ್ಳಿಯ ಮೇಲೆ ಗುಂಡು ಹಾರಿಸು ಎಂದು ಗೋರಾ ಸಾಹೇಬ ಹುಕುಂ ಕೊಡುತ್ತಾನೆ. ಮೊದಲನೆಯ ಹಳ್ಳಿಯಲ್ಲಿ ಸುಬೇದಾರ ಹಾರಿಸುತ್ತಾನೆ. ಎರಡನೆಯ ಹಳ್ಳಿಗೆ ಬಂದಾಗ ಬಂದೂಕು ಕೆಳಗಿಟ್ಟು, ‘ಹೊಟ್ಟೆಗೆ ಹಾಕಿದವರು ನೀವು ಸಾಹೇಬ, ಎದೆಯೊಳಗಿನದಕ್ಕೆ ನೀವು ಒಡೆಯರಲ್ಲ’ ಎಂದುಬಿಡುತ್ತಾನೆ. ನಾಯಕನಟ ಈ ಮಾತನ್ನು ಮೊದಲ ಸಲ ಹೇಳಿದಾಗ ದೇವಿಂದ್ರನ ಕಣ್ಣು ತುಂಬಿ ಬಂದಿತ್ತು. ತಾನು ಜೀವಮಾನವಿಡೀ ಹೇಳದೆ ಬಿಟ್ಟ ಮಾತನ್ನು ಆ ನಟ ತನ್ನ ಪರವಾಗಿಯೇ ಹೇಳಿದ ಎನಿಸಿತ್ತು. ಮರುಗಳಿಗೆಯಲ್ಲಿ ಅದೇ ನಟ, ಗುಡ್ಡದ ಕೆಳಗಿನ ಗುಡಿಸಿಲಿನಿಂದ ಒಬ್ಬ ಹೆಂಗಸು ತಂದುಕೊಟ್ಟ ಚಹಾವನ್ನು ಒಂದು ಗುಟುಕು ಕುಡಿದು ತಂದವಳ ಕಾಲ ಬಳಿಯೇ ಉಗುಳಿ, ‘ಇದೇನ್ ಚರಂಡಿ ನೀರಾ?’ ಎಂದ. ಅದನ್ನೂ ದೇವಿಂದ್ರ ನೋಡಿದ. ಮನುಷ್ಯ ಹೇಗಾದರೂ ಇರಲಿ, ಮಾತು ದೊಡ್ಡದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ದೇವಿಂದ್ರ ತಪ್ಪಿದ್ದು ಒಂದು ಸಂಜೆ, ಅವನನ್ನು ಕುರ್ಚಿಯ ಮೇಲೆ ಕೂರಿಸಿದ್ದಕ್ಕೆ. ಡೈರೆಕ್ಟರ್ ಬೆಂಗಳೂರಿನವ, ಇನ್ನೂ ನಲವತ್ತು ದಾಟಿರದ ಮನುಷ್ಯ. ಎಲ್ಲರನ್ನೂ ‘ಸರ್’ ಎನ್ನುತ್ತಾನೆ, ಯಾರ ಮುಖವನ್ನೂ ನೋಡುವುದಿಲ್ಲ. ಆವತ್ತು ದೇವಿಂದ್ರನ ಮುಖ ನೋಡಿದ. ತನ್ನ ಪಕ್ಕದ ಕುರ್ಚಿ ತೋರಿಸಿ, ಶುಂಠಿ ಚಹಾ ತರಿಸಿ ಕೇಳಿದ:

“ಹವಾಲ್ದಾರ್ ಸರ್, ನಿಮ್ಮ ಲೈಫಲ್ಲಿ ಅಂಥ ಕ್ಷಣ ಬಂದಿತ್ತಾ? ಆಗಲ್ಲ ಅಂತ ಎದೆ ಕೊಟ್ಟು ನಿಂತಿದ್ದು?”

ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ದೇವಿಂದ್ರ ಉಬ್ಬಿಹೋದ.

“ಫೌಜಿನ್ಯಾಗ ಇಲ್ರಿ. ಮನ್ಯಾಗ ಒಮ್ಮಿ ಬಂದಿತ್ತು.”

ಹೇಳತೊಡಗಿದ. ಅವನ ತಮ್ಮ ಈಶಪ್ಪ ಹತ್ತಿ ಹೊಲದಲ್ಲಿ ಸಿಡಿಲು ಬಡಿದು ಸತ್ತ. ದೇವಿಂದ್ರ ಆಗ ರಜೆಯ ಮೇಲೆ ಊರಲ್ಲಿದ್ದ. ಹೆಣ ಅಂಗಳಕ್ಕೆ ಬರುತ್ತಿದ್ದ ಹಾಗೆ ಓಣಿಯ ಹಿರಿಯ ಹೆಂಗಸರು ಮೋನಮ್ಮನ ಬಳೆ ಒಡೆಯಲು ಕಲ್ಲು ಹಿಡಿದುಕೊಂಡು ಬಂದರು. ಇವರ ಮನೆ ಬಾಬಾಸಾಹೇಬರ ದಾರಿ ಹಿಡಿದು, ಬುದ್ಧನಿಗೆ ಕೈಮುಗಿದು ಎಷ್ಟೋ ಕಾಲವಾಗಿತ್ತು. ಆದರೆ ಸಾವು ಬಂದಾಗ ಹಳೆಯದೆಲ್ಲ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ದೇವಿಂದ್ರ ಮೋನಮ್ಮನನ್ನು ಒಳಮನೆಗೆ ಕಳಿಸಿ ಹೊಸ್ತಿಲ ಮೇಲೆ ನಿಂತ. ‘ನಮ್ಮ ಮನ್ಯಾಗ ಇದು ನಡೆಯಂಗಿಲ್ಲ. ಆಕಿ ಮುಂಗೈ ಮುಟ್ಟೂದಿದ್ರ ಮೊದಲ ನನ್ನ ದಾಟ್ರಿ’ ಎಂದ. ಸೋದರತ್ತೆ ಶಾಪ ಹಾಕಿದಳು, ಹಿರಿಯರು ಹೆಣಕ್ಕೆ ಹೆಗಲು ಕೊಡುವುದಿಲ್ಲ ಎಂದರು. ಅವನು ಕದಲಲಿಲ್ಲ. ಇವತ್ತಿಗೂ ಮೋನಮ್ಮನ ಕೈತುಂಬ ಹಸಿರು ಬಳೆ ಇವೆ. ಬುದ್ಧ ವಿಹಾರದ ಕಾರ್ಯಕ್ರಮಗಳಲ್ಲಿ ಈ ಸಂಗತಿಯನ್ನು ಮೈಕಿನಲ್ಲಿ ಹೇಳುತ್ತಾರೆ; ದೇವಿಂದ್ರ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾನೆ, ತಗ್ಗಿಸಿದ ತಲೆಯಲ್ಲಿ ಹೆಮ್ಮೆ ತುಂಬಿರುತ್ತದೆ.

ಡೈರೆಕ್ಟರ್ ಕಣ್ಣು ಮಿಟುಕಿಸದೆ ಕೇಳಿದ. ಕೊನೆಗೆ, “ಅಬ್ಬಾ, ಏನ್ ಸರ್ ಇದು” ಎಂದು ದೇವಿಂದ್ರನ ಎರಡೂ ಕೈ ಹಿಡಿದುಕೊಂಡ. ದೇವಿಂದ್ರ ಆ ರಾತ್ರಿ ಗಾಳಿಯಲ್ಲಿ ತೇಲಿದ ಹಾಗೆ ಮನೆಗೆ ಹೋದ.

ಎರಡು ದಿನ ಬಿಟ್ಟು ಅದು ಸೀನಾಗಿ ಬಂತು. ಮೊದಲ ಹಳ್ಳಿಯಲ್ಲಿ ಗುಂಡು ಹಾರಿದ ಮೇಲೆ ಗಂಡಂದಿರ ಹೆಣಗಳ ಮುಂದೆ ಹೆಂಗಸರು ಬಂಡೆಗೆ ಮುಂಗೈ ಅಪ್ಪಳಿಸಿ ಬಳೆ ಒಡೆದುಕೊಳ್ಳುತ್ತಾರೆ. ಆ ಸದ್ದು ಸುಬೇದಾರನ ಕಿವಿಯಲ್ಲಿ ಉಳಿದು ಅವನ ಮನಸ್ಸು ತಿರುಗುತ್ತದೆ. ಹೊಸ ಸೀನು ಎಂದು ಬಸವಂತ್ರಾಯ ಕೂಗಿ ಹೇಳಿದಾಗ ದೇವಿಂದ್ರನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ತಾನು ಹೇಳಿದ್ದು ಉಳಿದ ಬಳೆಯ ಕತೆ. ಇವರು ಅದರಲ್ಲಿ ಒಡೆಯುವುದನ್ನಷ್ಟೇ ಎತ್ತಿಕೊಂಡಿದ್ದರು.

ಹೆಂಗಸರು ಮಾತ್ರ ಸುತರಾಂ ಒಪ್ಪಲಿಲ್ಲ. ಅವರಲ್ಲೊಬ್ಬಳು, ಮೈತುಂಬ ಪಾಕ ಸುರಿಸಿಕೊಂಡು ಕೂತಿದ್ದ ದುರ್ಗಾದೇವಿ, ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ಬಸಣ್ಣಾರ, ನನ್ನ ಗಂಡ ಗಟ್ಟಿ ಅದಾನ. ಈಗ ಮನ್ಯಾಗ ಉಂಡು ಮಲಗಿರ್ತಾನ. ಅವ ಇರೂತನ ಬಳಿ ಹ್ಯಾಂಗ ಒಡೀಲಿ? ನೀವು ಸಾಯ್ರಿ ಅಂದ್ರಿ, ಸತ್ತೀವಿ. ಮುಂಡಿ ಆಗ್ರಿ ಅಂದ್ರ ಆಗಂಗಿಲ್ಲ.”

ಉಳಿದವರೂ ‘ಹೌದ್ರಿ, ಆಗಂಗಿಲ್ಲ’ ಎಂದು ಮುಂಗೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡರು. ಬಳೆ ಇಡಿಸಲು ಸುರಪುರದಿಂದ ಕರೆಸಿದ್ದ ಜೈತುನಬೀ ಬುಟ್ಟಿಯ ಮೇಲಿನ ಬಟ್ಟೆ ಬಿಚ್ಚಿದವಳು ಮತ್ತೆ ಮುಚ್ಚಿದಳು. ಬಳೆ ಒಡೆದರೆ ‘ಒಡೆಯಿತು’ ಎಂದು ಕೂಡ ಬಾಯಿಬಿಟ್ಟು ಹೇಳದ ಮುದುಕಿ ಅವಳು, ‘ಹೆಚ್ಚಿತು’ ಎನ್ನುವವಳು. “ಮದುವಿ ಸೀನ್ ಅಂತ ತಿಳಕೊಂಡ ಬಂದೆ ನಾ. ಬಳಿ ಇಡಸಾಕ ಬಂದೀನ್ರಿ, ಒಡಸಾಕಲ್ಲ. ತೌಬಾ, ತೌಬಾ” ಎಂದು ಕಿವಿ ಹಿಡಿದುಕೊಂಡಳು.

ಬಸವಂತ್ರಾಯನ ತಲೆ ಇಂಥ ಕಡೆ ಚುರುಕಾಗಿ ಓಡುತ್ತದೆ. ಗಂಡ ಇದ್ದವರಿಗೆ ಹೆದರಿಕೆ; ಇಲ್ಲದವರಿಗೇನು ಎಂದ. ಅರ್ಧ ಗಂಟೆಯಲ್ಲಿ ಗುಂಪಿನಿಂದ ನಾಲ್ಕೈದು ಬರಿಗೈಯ ಮುದಿ ವಿಧವೆಯರನ್ನು ಆರಿಸಿ ತಂದು ಜೈತುನಬೀ ಮುಂದೆ ಕೂರಿಸಿದ. ಮೊದಲಿಗೆ ಕೂತವಳು ಗುರುಮಠಕಲ್ ಕಡೆಯ ರತ್ನಾಬಾಯಿ, ಹಣ್ಣು ಹಣ್ಣು ಮುದುಕಿ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು. ಇಡಿಸುವುದಷ್ಟೇ ತನ್ನ ಕೆಲಸ ಎಂದುಕೊಂಡು ಜೈತುನಬೀ ಅವಳ ಕೈ ಹಿಡಿದಳು. ಆಮೇಲೆ ಗೆಣ್ಣು ಒತ್ತಿ ಒತ್ತಿ, ಒಂದೊಂದೇ ಹಸಿರು ಬಳೆ ಏರಿಸಿದಳು. ರತ್ನಾಬಾಯಿ ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹಲ್ಲಿಲ್ಲದ ಬಾಯಿ ಅಗಲವಾಯಿತು.

“ಚಂದ ಅದಾವಲ್ಲವ್ವಾ. ಇವು ನನಗೇ ಏನು? ಮನಿಗಿ ಒಯ್ಯಬಹುದೇನು?”

ಬಳೆ ಇಟ್ಟುಕೊಂಡ ಹೆಣ್ಣು ಬಳೆಗಾರ್ತಿಗೆ ನಮಸ್ಕಾರ ಮಾಡಬೇಕಲ್ಲ, ರತ್ನಾಬಾಯಿ ಅದನ್ನು ಮರೆತಿರಲಿಲ್ಲ. ಬಗ್ಗಿ ಜೈತುನಬೀಯ ಪಾದ ಮುಟ್ಟಿದಳು. ಜೈತುನಬೀ ಮುಖ ಆಚೆ ತಿರುಗಿಸಿದಳು.

ಆಮೇಲೆ ಬಂಡೆಗೆ ಹೊಡಿ ಎಂದರು. ರತ್ನಾಬಾಯಿ ನಂಬಲಿಲ್ಲ, ತಮಾಷೆ ಎಂದುಕೊಂಡಳು. ಎರಡನೆಯ ಸಲ ಗದರಿದಾಗ ಮೆಲ್ಲಗೆ, ತನ್ನ ಮೊಮ್ಮಗುವಿಗೆ ಪೆಟ್ಟು ಕೊಡುವ ಹಾಗೆ ಮುಂಗೈ ತಾಗಿಸಿದಳು. ಎರಡು ಬಳೆ ಚೂರಾದವು. ‘ಕಟ್, ಫೋರ್ಸ್ ಇಲ್ಲ’ ಎಂದ ಡೈರೆಕ್ಟರ್. ಮತ್ತೆ ಬಳೆ, ಮತ್ತೆ ಬಂಡೆ. ‘ಫೋಕಸ್ ಹೋಯ್ತು.’ ಮತ್ತೆ ಬಳೆ. ಮೂರನೆಯ ಸಲಕ್ಕೆ ರತ್ನಾಬಾಯಿ ಜೈತುನಬೀಗೆ ನಮಸ್ಕಾರ ಮಾಡುವುದನ್ನು ಬಿಟ್ಟಳು. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದ ಹಾಗೆ ಕೈ ಚಾಚಿದಳು, ಇಡಿಸಿಕೊಂಡಳು, ಹೋಗಿ ಹೊಡೆದಳು, ಬಂದು ಕೂತಳು.

ದೇವಿಂದ್ರ ಕೆಂಪು ಕೋಟಿನ ಹುಡುಗರ ಮುಂದೆ ನಿಂತು ಇದನ್ನೆಲ್ಲ ನೋಡಿದ. ಕತೆಯ ಒಳಗೆ ಅನ್ಯಾಯಕ್ಕೆ ಕಣ್ಣೀರು ಹಾಕುವ ಈ ಜನಕ್ಕೆ, ಕ್ಯಾಮೆರಾದ ಹಿಂದೆ ಕೂತ ಕೂಡಲೇ ಕಣ್ಣು ಹೋಗುತ್ತದಲ್ಲ ಎಂದು ಅಸಹ್ಯಪಟ್ಟ. ಆ ಅಸಹ್ಯಕ್ಕೆ ಬೇರೆ ಯಾರ ಮೇಲೆ ಹರಿಯಲೂ ದಾರಿಯಿರಲಿಲ್ಲ. ಬಾಯಿಬಿಟ್ಟು ಇವರ ಕೈಗೆ ಇದನ್ನು ಕೊಟ್ಟವನು ತಾನೇ.

ಡೈರೆಕ್ಟರ್ ಮಾನಿಟರ್ ನೋಡಿ ತಲೆಯಾಡಿಸಿದ. “ಸುಕ್ಕು ಕೈ ಕ್ಲೋಸಪ್ಪಲ್ಲಿ ವರ್ಕ್ ಆಗ್ತಿಲ್ಲ. ಜನಕ್ಕೆ ಸಂಕಟ ಆಗಬೇಕಾದ್ರೆ ಪ್ರಾಯದ ಹೆಣ್ಣಿನ ಕೈ ಬೇಕು.” ಆಮೇಲೆ ನೆನಪಾದವನಂತೆ ಈ ಕಡೆ ತಿರುಗಿದ. “ಹವಾಲ್ದಾರ್ ಸರ್, ನೀವು ಹೇಳಿದ ಆ ಹೆಣ್ಮಗಳು ಇಲ್ಲೇ ಇದ್ದಾರಂತೆ?”

ದೇವಿಂದ್ರ ಎರಡು ಹೆಜ್ಜೆ ಮುಂದೆ ಬಂದ. “ಆಕಿ ಬಳಿ ಒಡೀಗೊಡಲಿಲ್ಲ ಅನ್ನೂದೇ ನಾ ಹೇಳಿದ ಕತಿ, ಸಾಹೇಬ್ರ.”

“ಗೊತ್ತು ಸರ್. ಅದೇ ಅದರ ಬ್ಯೂಟಿ. ಒಡೆಯದೇ ಇದ್ರೆ ಸೀನೆಲ್ಲಿದೆ ಹೇಳಿ? ನೀವು ಅವತ್ತು ತಡೆದಿದ್ದು ಒಂದು ಓಣಿಗೆ ಗೊತ್ತು. ಈ ಸಿನಿಮಾ ದೇಶ ಎಲ್ಲ ನೋಡುತ್ತೆ. ನಿಮ್ಮ ಮಾತು ಅವರು ಕೇಳ್ತಾರೆ, ಹೇಳಿ. ಬೆಳಕು ಹೋಗ್ತಿದೆ.”

ಬಸವಂತ್ರಾಯ ಅವನನ್ನು ಪಕ್ಕಕ್ಕೆ ಎಳೆದುಕೊಂಡು ಹೋದ. ಅವನ ಬಾಯಿಂದ ಗುಟ್ಕಾದ ವಾಸನೆ ಬರುತ್ತಿತ್ತು. “ನೋಡಲೇ ದೇವಿಂದ್ರ, ಆಕಿ ಗಂಡ ಹೆಂಗೂ ಇಲ್ಲ. ಆ ಬಳಿ ಬರೇ ತೋರಿಕೀಗಿ ಅದಾವ. ಹೋದ್ರ ಏನು ಹೋತು? ಇಲ್ಲಂದ್ರ ನಾಳಿಂದ ನಿಮ್ಮೂರ ಟಂಟಂ ಬರೂದು ಬ್ಯಾಡ. ಇಷ್ಟು ಮಂದಿ ಕೂಲಿ ನಿನ್ನ ನಾಲಿಗಿ ಮ್ಯಾಲ ಅದ.”

ದೇವಿಂದ್ರ ಅವನ ಕೈ ಕೊಡವಿ, ಬೇವಿನ ಮರದ ಕಡೆಗೆ ನಡೆದ. ಅಲ್ಲಿ ರಾಮಸಮುದ್ರದ ಹೆಂಗಸರು ಕುಳಿತಿದ್ದರು. ಮನಸ್ಸಿನಲ್ಲಿ ನಿರ್ಧಾರ ಗಟ್ಟಿಯಾಗಿತ್ತು. ಸಿನಿಮಾದ ಸುಬೇದಾರ ಬಂದೂಕು ಕೆಳಗಿಡುವುದಿದ್ದರೆ ಇಡಲಿ, ಬಿಡಲಿ. ತಾನು ಮಾತ್ರ ಇವತ್ತೂ ಹೊಸ್ತಿಲ ಮೇಲೆ ನಿಲ್ಲುತ್ತೇನೆ. ಹೀಗೆ ಅಂದುಕೊಂಡಾಗ ನಡಿಗೆ ಚುರುಕಾಯಿತು ಕೂಡ.

“ಮೋನಮ್ಮ, ಏಳು. ನಿನ್ನ ಬಳಿ ಒಡಸಬೇಕಂತಾರ ಇವರು. ಒಡಿಯೂದಿಲ್ಲ ನೀ. ನಾ ಹೇಳಾಕತ್ತೇನಿ. ನಡಿ ಮನಿಗಿ.”

ಮೋನಮ್ಮ ಅವನ ಮುಂದೆ ಯಾವತ್ತೂ ಸೆರಗು ಹೊದ್ದು, ನೆಲ ನೋಡುತ್ತ ಎರಡೇ ಮಾತಾಡುವವಳು. ಗಂಡನ ಅಣ್ಣ ಎಂದರೆ ಅಷ್ಟು ದೂರ. ಈಗ ಅವಳು ಏಳಲಿಲ್ಲ. ತಲೆಯೆತ್ತಿ ನೇರ ಅವನ ಮುಖ ನೋಡಿದಳು.

“ನನ್ನ ಬಳಿ ಸುದ್ದಿ ಅವರಿಗಿ ಯಾರು ಹೇಳಿದ್ರು, ಭಾವಾರ?”

ದೇವಿಂದ್ರ ಶಾಮಿಯಾನದ ಕಡೆ ಕಣ್ಣು ಹೊರಳಿಸಿದ. ಸುತ್ತ ಕುಳಿತ ಹೆಂಗಸರು ಕಿವಿ ಈ ಕಡೆ ಇಟ್ಟು ಕಣ್ಣು ಆ ಕಡೆ ಇಟ್ಟರು.

“ಕುರ್ಚಿ ಮ್ಯಾಲ ಕುಂತು ಹೇಳಿದ್ರಂತಲ್ಲ. ಚಾ ಕುಡಕೋತ.”

“ತಪ್ಪಾತವ್ವಾ. ಮಾತು ಬಂತು, ಹೇಳಿದೆ. ಅದಕ್ಕ ಈಗ ಬ್ಯಾಡ ಅನ್ನಾಕತ್ತೇನಲ್ಲ?”

“ಅವತ್ತೂ ನೀವೇ ಬ್ಯಾಡ ಅಂದ್ರಿ. ಇವತ್ತೂ ನೀವೇ ಬ್ಯಾಡ ಅನ್ನಾಕತ್ತೀರಿ.” ಮೋನಮ್ಮನ ದನಿ ಏರಲಿಲ್ಲ, ಬಹಳ ದಿನದಿಂದ ಒಳಗೇ ಹೇಳಿಕೊಂಡು ಸವೆದ ಮಾತಿನ ಹಾಗೆ ಸಲೀಸಾಗಿ ಬಂತು. “ಅವತ್ತ ನನ್ನ ಗಂಡ ಅಂಗಳದಾಗ ಸುಟ್ಟು ಕರಕಾಗಿ ಬಿದ್ದಿದ್ದ. ನಾ ಒಳಮನ್ಯಾಗ. ನೀವು ಹೊಸ್ತಿಲ ಮ್ಯಾಲ. ನನ್ನ ಮುಂಗೈ ಕಾಯಾಕ ಹೋಗಿ ನನ್ನ ಹೊರಗ ಬಿಡಲಿಲ್ಲ ನೀವು. ಅವನ ಎದಿ ಮ್ಯಾಲ ಬಿದ್ದು ಒಮ್ಮಿ ಅಳಬೇಕಂದೆ, ಅಳಾಕ ಆಗಲಿಲ್ಲ. ಜಗಳದಾಗೇ ಹೆಣ ಎತ್ತಿದ್ರಿ. ಮಂದಿ ಎಲ್ಲಾ ಮಣ್ಣಿಗಿ ಬಂದು ನನ್ನ ಮುಂಗೈ ನೋಡಿ ಹೋದ್ರು, ಅವನ ಮಾರಿ ಯಾರೂ ನೋಡಲಿಲ್ಲ. ಬಳಿ ಒಡೀಬೇಕಿತ್ತು ಅನ್ನಾಕತ್ತಿಲ್ಲ ನಾ. ನೀವು ಮಾಡಿದ್ದು ಖರೇನೇ ಇರಬಹುದು. ಏನವ್ವಾ, ನಿನಗೇನು ಬೇಕು ಅಂತ ಒಮ್ಮಿ ಕೇಳಬೇಕಿತ್ತು. ಆಮ್ಯಾಲೂ ಕೇಳಲಿಲ್ಲ. ಒಂದು ಬಳಿ ತಗದ್ರ ವಿಹಾರದಾಗ ಭಾವಾರ ಮಾನ ಹೋಗ್ತದ ಅಂತ ಇಟ್ಕೊಂಡೇ ಬಂದೀನಿ.”

‘ಏಳು, ನಡಿ’ ಎಂದ ದೇವಿಂದ್ರ ಮತ್ತೆ. ಹವಾಲ್ದಾರನ ಗಂಟಲಲ್ಲಿ ಹುಕುಮಿನ ಹೊರತು ಬೇರೆ ಮಾತು ಇರಲಿಲ್ಲ.

“ನೀವು ಹೇಳೂದು ಆತಿಲ್ಲ? ಈಗ ಸರೀರಿ” ಎಂದು ಮೋನಮ್ಮ ಎದ್ದಳು. “ನನಗ ಒಮ್ಮಿ ಅಳಬೇಕಾಗ್ಯದ. ಎಲ್ಲ್ಯಾದ್ರೂ ಆಗಲಿ.”

ಅವಳು ಬಂಡೆಯ ಕಡೆ ನಡೆದದ್ದು ನೋಡಿ ಡೈರೆಕ್ಟರ್ ದೇವಿಂದ್ರನಿಗೆ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ. ದೇವಿಂದ್ರನೇ ಒಪ್ಪಿಸಿದ ಎಂದುಕೊಂಡಿದ್ದ. ಆ ಹೆಬ್ಬೆರಳನ್ನು ಕಂಡು ದೇವಿಂದ್ರನಿಗೆ ತನ್ನ ಮೈ ಮೇಲೇ ಹೇಸಿಗೆ ಹುಟ್ಟಿತು.

ಬಂಡೆಯ ಮೇಲೆ ಕಡೇಚೂರಿನ ಕಾರ್ಖಾನೆ ಕೂಲಿಯೊಬ್ಬ ಪಾಕ ಸುರಿಸಿಕೊಂಡು ಅಂಗಾತ ಮಲಗಿದ್ದ. ಮೋನಮ್ಮ ಅವನ ಪಕ್ಕ ಕುಳಿತಳು. ಲೈಟಿನ ಕಡೆ ತಿರುಗು, ಇಲ್ಲಿ ನೋಡು ಎಂದು ಏನೇನೋ ಹೇಳಿದರು; ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಅಪರಿಚಿತನ ಎದೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟಳು. ಆಮೇಲೆ ಅವಳ ಗಂಟಲಿನಿಂದ ಹೊರಟ ದನಿಗೆ ಕುದುರೆಗಳು ಕೂಡ ಕಿವಿ ನಿಮಿರಿಸಿದವು.

“ದಾನೀ ಅಪ್ಪಾ... ಮುಗಿಲು ಕಪ್ಪಾಗಿದ್ದು ನೋಡಲಿಲ್ಲೇನೋ ನನ್ನ ದಾನೀ ಅಪ್ಪಾ... ಕಟ್ಟಿಕೊಟ್ಟ ಬುತ್ತಿ ಬಿಚ್ಚಲಿಲ್ಲಲ್ಲೋ... ಸಂಜೀಕ ಬರ್ತೀನಂದಿದ್ದೆಲ್ಲೋ...”

ಗಂಡನ ಹೆಸರು ಹಿಡಿಯದೆ, ಮಗಳು ದಾನೇಶ್ವರಿಯ ಹೆಸರಿನಿಂದ ಅವನನ್ನು ಕರೆಯುತ್ತ, ಊರಿನ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುವ ಹಾಗೆ ಅತ್ತಳು. ಬಳೆ ಒಡೆಯಬೇಕೆಂದು ಅವಳು ಕೈ ಎತ್ತಲಿಲ್ಲ. ಎದೆ ಬಡಿದುಕೊಂಡಾಗ, ಬಂಡೆ ಬಡಿದಾಗ, ತಾವಾಗಿಯೇ ಚೂರಾಗಿ ಹಾರಿದವು. ಮುಂಗೈ ಗೀರಿ ರಕ್ತ ಬಂತು. ಬೇವಿನ ಮರದ ಕೆಳಗೆ ರಾಮಸಮುದ್ರದ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ಹೆಣವಾಗಿ ಮಲಗಿದ್ದವನ ಮುಚ್ಚಿದ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು.

ದೇವಿಂದ್ರ ನಿಂತಲ್ಲೇ ನಿಂತಿದ್ದ. ತಮ್ಮನ ಸಾವಿನ ದಿನವನ್ನು ಅವನು ಎಷ್ಟು ಸಲ ನೆನೆದಿದ್ದ, ಎಷ್ಟು ಸಲ ಹೇಳಿದ್ದ! ಈಗ ಹುಡುಕಿದರೆ ಅದರಲ್ಲಿ ಈಶಪ್ಪನ ಮುಖವೇ ಇರಲಿಲ್ಲ. ಹೊಸ್ತಿಲಿತ್ತು, ಅದರ ಮೇಲೆ ತಾನಿದ್ದ, ಎದುರಿಗೆ ಕೂಗುವ ಜನ ಇದ್ದರು. ಒಡಹುಟ್ಟಿದವನ ಹೆಣವನ್ನು ಅವನೂ ಸರಿಯಾಗಿ ನೋಡಿರಲಿಲ್ಲ. ಅಳುವುದು ದೂರದ ಮಾತು.

“ಕಟ್!”

ಚಪ್ಪಾಳೆ ಬಿದ್ದವು. ಲೈಟಿನವರು, ಟ್ರಾಲಿ ತಳ್ಳುವವರು ಸಿಳ್ಳೆ ಹಾಕಿದರು. ಡೈರೆಕ್ಟರ್ ಕಣ್ಣೊರೆಸಿಕೊಳ್ಳುತ್ತ ಓಡಿ ಬಂದ. ಕಣ್ಣೀರು ನಿಜದ್ದೇ, ಅದು ಇನ್ನೂ ಹೇಸಿಗೆ. “ಅಮ್ಮಾ, ಸೂಪರ್! ಮೈ ಜುಮ್ ಅಂತು. ಒಂದೇ ಒಂದು ಸಲ ಮತ್ತೆ ಮಾಡಿಬಿಡಿ. ಈ ಸಲ ಮುಖ ಸ್ವಲ್ಪ ಈ ಕಡೆಗಿರಲಿ. ಬಳೆ ತನ್ರೀ ಬೇಗ!”

ಮೋನಮ್ಮ ಇನ್ನೂ ಬಿಕ್ಕುತ್ತಿದ್ದಳು. ಬಸವಂತ್ರಾಯ ಜೈತುನಬೀಯ ಬುಟ್ಟಿಯನ್ನು ತಾನೇ ಎತ್ತಿ ತಂದು ಬಂಡೆಯ ಮೇಲಿಟ್ಟ. ಜೈತುನಬೀ ಬರಲಿಲ್ಲ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮರದ ಕೆಳಗೇ ಕುಳಿತಿದ್ದಳು. ಎಲ್ಲರೂ ದೇವಿಂದ್ರನ ಕಡೆ ನೋಡಿದರು. ಈ ಹೆಂಗಸರನ್ನು ಕರೆತಂದವನು ಅವನು, ಅವರು ಕೇಳುವುದು ಅವನ ಮಾತು.

“ಹವಾಲ್ದಾರ್ ಸರ್, ಪ್ಲೀಸ್, ನೀವೊಂದು ಮಾತು ಹೇಳಿ ಇವರಿಗೆ.”

‘ಆಗೂದಿಲ್ಲ’ ಎಂಬ ಮಾತು ದೇವಿಂದ್ರನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ಹಿಡಿದ. ಮೋನಮ್ಮನ ಹತ್ತಿರ ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. ಅವನ ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣಗಿತ್ತು.

“ಏನವ್ವಾ, ನೀ ಏನಂತಿ?”

ಮೋನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ನಿಂತು ಡೈರೆಕ್ಟರನನ್ನು ನೋಡಿ, ಅಂಗಡಿಯಲ್ಲಿ ವ್ಯಾಪಾರ ಮುಗಿಸಿದವಳ ಹಾಗೆ ಹೇಳಿದಳು:

“ನನ್ನ ಗಂಡ ಒಮ್ಮಿ ಸತ್ತಾನ್ರಿ, ಸಾಹೇಬ್ರ. ಒಮ್ಮಿ ಅತ್ತೇನಿ. ಮುಗೀತು.”

ಬಂಡೆಯಿಂದ ಇಳಿದು, ಚಪ್ಪಲಿ ಮೆಟ್ಟಿ, ರಸ್ತೆಯ ಕಡೆ ನಡೆದಳು. ರಾಮಸಮುದ್ರದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಅವಳ ಹಿಂದೆ ಹೊರಟರು. ಯಾರೂ ಅವರಿಗೆ ಬನ್ನಿ ಎಂದಿರಲಿಲ್ಲ. ದೇವಿಂದ್ರನೂ ಎದ್ದ. ಡೈರೆಕ್ಟರ್ ಬಾಯಿ ತೆರೆದುಕೊಂಡು ನಿಂತಿರುವುದನ್ನು ಕಂಡು, ಕೊನೆಗೂ ಈ ಮನುಷ್ಯನಿಗೆ ಎಲ್ಲೋ ಒಂದು ಕಡೆ ತಾಗಿತು ಎಂದುಕೊಂಡ. ಆಗ ಡೈರೆಕ್ಟರ್ ಕ್ಯಾಮೆರಾದವನ ಕಡೆ ತಿರುಗಿ, ಪಿಸುಮಾತಿನಲ್ಲಿ ಕೇಳಿದ:

“ಕ್ಯಾಮೆರಾ ರೋಲ್ ಆಗ್ತಿತ್ತಾ?”

“ಆಗ್ತಿತ್ತು ಸರ್.”

“ಆ ಡೈಲಾಗು? ಸೌಂಡ್ ಸಿಕ್ತಾ?”

ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದವನು ನಗುತ್ತ ಹೆಬ್ಬೆರಳೆತ್ತಿದ.

ದೇವಿಂದ್ರ ಗರಕ್ಕನೆ ಅವರ ಕಡೆ ತಿರುಗಿದ. ಥೂ ಎಂದು ಅವರ ಮುಖಕ್ಕೆ ಉಗಿಯಬೇಕು, ತಾಯಿ ಹೆಸರು ಹಿಡಿದು ಬಯ್ಯಬೇಕು ಎಂದು ಬಾಯಿ ತೆರೆದ. ಕ್ಯಾಮೆರಾದ ಕರಿಯ ಗಾಜು ಮೆಲ್ಲಗೆ ಅವನ ಕಡೆ ತಿರುಗುತ್ತಿತ್ತು. ಬಾಯಿಬಿಟ್ಟರೆ ಅದನ್ನೂ ಇವರು ಎತ್ತಿಕೊಳ್ಳುತ್ತಾರೆ. ಅವನು ಹಲ್ಲು ಕಚ್ಚಿ ಬಾಯಿ ಮುಚ್ಚಿದ. ಮುಖ ತಿರುಗಿಸಿ, ಹೆಂಗಸರ ಸಾಲಿನ ಕೊನೆಗೆ ಹೋಗಿ ಸೇರಿಕೊಂಡು, ಮೋನಮ್ಮ ಹೋದ ದಾರಿಯಲ್ಲಿ ನಡೆದ.